ಉಸುಕಿನ ಮೇಲೆ ನಿಂತ ಅಡವಿ: ಗರಿ ದ್ವೀಪದಲ್ಲಿ ಎರಡು ದಿನ

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಕಳೆದ ಆಗಸ್ಟ್ ತಿಂಗಳಿನಲ್ಲಿ ನಾವು ದಂಪತಿಗಳು ಹೋಗುವ ಯೋಗ ಒದಗಿಬಂದಿತು. ಒಂದು ದಿನ ಮಗನು, "ಅವ್ವಾ, ಬರೇ ಉಸುಕಿನ ಮ್ಯಾಲೆ ನಿಂತ ಅಡವಿ ತೋರಸ್ತೀನಿ, ನಡೀ" ಎಂದಾಗ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಉಸುಕೆಂದರೆ ಹೊಳೆಯ ದಂಡೆಯಿಂದ ಲಾರಿಯಲ್ಲಿ ಹೇರಿ ತಂದು, ಮನೆ ಕಟ್ಟುವಲ್ಲಿ ಸುರಿಯುವ ವಸ್ತು. ಅದರಲ್ಲಿ ಹುಲ್ಲು ಬೆಳೆಯುವುದೇ ಕಷ್ಟವಾಗಿರುವಾಗ ಅಡವಿ ಎಲ್ಲಿಂದ ಬರಬೇಕು? ಆದರೆ ಕಣ್ಣಾರೆ ಕಂಡ ಮೇಲೆ ನನ್ನ ನಗೆಗೆ ನಾನೇ ನಾಚಿಕೊಳ್ಳಬೇಕಾಯಿತು.

ಆ ದ್ವೀಪದ ಹೆಸರು ಗರಿ. ನಮ್ಮ ನವಿಲುಗರಿಯ 'ಗರಿ'ಯಂತೆಯೇ ಅದರ ಉಚ್ಚಾರ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೂರ್ವ ಕರಾವಳಿಗೆ ಹೊಂದಿಕೊಂಡಿರುವ ಇದು ಜಗತ್ತಿನ ಅತಿ ದೊಡ್ಡ ಮರಳು ದ್ವೀಪವಾಗಿದೆ. ಉದ್ದ 120 ಕಿಲೋಮೀಟರಿಗೂ ಹೆಚ್ಚು. ಅಗಲ ಹೆಚ್ಚೆಂದರೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋಮೀಟರು. ದಕ್ಷಿಣದ ನದಿಗಳು ಕಡಲಿಗೆ ತಂದು ಚೆಲ್ಲಿದ ಮರಳನ್ನು ಅಲೆಗಳು ಉತ್ತರಕ್ಕೆ ಹೊತ್ತು ತಂದು, ಗಾಳಿಯು ಗುಡ್ಡೆ ಹಾಕಿ, ಲಕ್ಷಾಂತರ ವರ್ಷಗಳಲ್ಲಿ ಈ ನೆಲ ಸಿದ್ಧವಾಯಿತು. ಕೆಲವು ದಿಬ್ಬಗಳು ಇನ್ನೂರು ಮೀಟರಿಗಿಂತಲೂ ಎತ್ತರವಾಗಿವೆ. 1992ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ರಿಸ್ಬೇನಿನಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರು ಸಾಗಿ ಹರ್ವಿ ಬೇ ಎಂಬ ಊರನ್ನು ಸೇರಿದೆವು. ಅಂಟಾರ್ಕ್ಟಿಕಾದ ಕಡೆಗೆ ಮರಳುವ ತಿಮಿಂಗಿಲಗಳು ತಮ್ಮ ಮರಿಗಳೊಡನೆ ಆ ಕೊಲ್ಲಿಯಲ್ಲಿ ತಂಗಿ ಹೋಗುವ ಕಾಲವದು. ಹತ್ತಿರದ ಕಟ್ಟೆಯಿಂದ ವಾಹನಗಳನ್ನು ಹೊತ್ತೊಯ್ಯುವ ಹಡಗೊಂದು ನಮ್ಮನ್ನು ಒಂದು ತಾಸಿನೊಳಗೆ ದ್ವೀಪಕ್ಕೆ ಮುಟ್ಟಿಸಿತು. ಅಲ್ಲಿ ಸಾಮಾನ್ಯ ಕಾರು ನಡೆಯದು. ಫೋರ್ ವೀಲ್ ಡ್ರೈವ್ ಜೀಪೇ ಬೇಕು, ಅದಕ್ಕೆ ಮುಂಚಿತವಾಗಿ ಪರವಾನಿಗೆ ಪಡೆದಿರಬೇಕು. ಮಗನು ನಾಲ್ಕೂ ಟೈರುಗಳ ಗಾಳಿಯನ್ನು ತುಸು ಇಳಿಸಿ, ಭರತದ ವೇಳೆಯ ಪಟ್ಟಿಯನ್ನು ನೋಡಿಕೊಂಡೇ ಗಾಡಿ ಹೊರಡಿಸಿದನು. ಪೂರ್ವದ ಕಡಲ ದಂಡೆಯೇ ಅಲ್ಲಿನ ಹೆದ್ದಾರಿಯಾದ್ದರಿಂದ, ಭರತ ಏರಿದಾಗ ದಾರಿಯೇ ನೀರಿನಡಿ ಹೋಗುತ್ತದೆ.

ಮೊದಲ ದಿನ ಒಳನಾಡಿನ ಕಾಡನ್ನು ಕಂಡೆವು. ಕತ್ತೆತ್ತಿದರೂ ತುದಿ ಕಾಣದ ಮರಗಳು. ಅವುಗಳ ಬುಡದಲ್ಲಿ ವಾಂಗೂಲ್ಬಾ ಎಂಬ ಹಳ್ಳ. ಬಿಳಿಯ ಮರಳಿನ ಮೇಲೆ ಹರಿಯುವ ಅದರ ನೀರು ಎಷ್ಟು ತಿಳಿಯೆಂದರೆ, ಕಿವಿಗೆ ಸಪ್ಪಳವಿಲ್ಲ, ಕಣ್ಣಿಗೂ ನೀರಿದೆಯೆಂಬ ಭಾಸವಿಲ್ಲ. ಸಾರವಿಲ್ಲದ ಮರಳಿನಲ್ಲಿ ಇಷ್ಟೊಂದು ಮರಗಳು ಬದುಕುವುದಕ್ಕೆ ಕಾರಣ, ಬೇರುಗಳೊಡನೆ ಕೂಡಿ ಬಾಳುವ ಅತಿ ಸೂಕ್ಷ್ಮವಾದ ಶಿಲೀಂಧ್ರಗಳು. ಅವು ಮರಳಿನಿಂದ ಆಹಾರವನ್ನು ಹೀರಿ ಬೇರಿಗೆ ಒದಗಿಸುತ್ತವೆ. ಉದುರಿದ ಎಲೆಯ ಸತ್ವವೂ ಹೀಗೆಯೇ ಮತ್ತೆ ಮರಕ್ಕೆ ಸೇರುತ್ತದೆ.

ಅಲ್ಲಿಂದ ಮೆಕೆಂಜಿ ಸರೋವರಕ್ಕೆ ಹೋದೆವು. ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರು ಮೇಲೆ, ಮರಳಿನ ದಿಬ್ಬಗಳ ನಡುವೆ ನಿಂತ ನೀಲಿ ನೀರು! ಮರಳಿನಲ್ಲಿ ನೀರು ಇಂಗದೆ ನಿಲ್ಲುವುದು ಹೇಗೆಂದು ನಮ್ಮ ಯಜಮಾನರು ಕೇಳಿದರು. ಕೊಳೆತ ಎಲೆಕಸವು ಮರಳಿನೊಡನೆ ಬೆರೆತು, ಸಗಣಿಯಿಂದ ಸಾರಿಸಿದ ನೆಲದಂತೆ ಗಟ್ಟಿಯಾಗಿ, ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆಯಂತೆ. ಇಂತಹ ಸರೋವರಗಳು ಈ ದ್ವೀಪದಲ್ಲಿ 40ಕ್ಕೂ ಹೆಚ್ಚಿವೆ. ಬುಚುಲ್ಲಾ ಎಂಬ ಮೂಲನಿವಾಸಿಗಳ ಕಥೆಯ ಪ್ರಕಾರ ಗರಿ ಒಬ್ಬ ದೇವಕನ್ಯೆ. ಭೂಮಿಯ ಚೆಲುವಿಗೆ ಮರುಳಾಗಿ ಇಲ್ಲಿಯೇ ಉಳಿಯಬಯಸಿದಾಗ ಅವಳು ದ್ವೀಪವಾದಳು. ಆಕಾಶವನ್ನು ನೋಡಲೆಂದು ಅವಳಿಗೆ ದೊರೆತ ಕಣ್ಣುಗಳೇ ಈ ಸರೋವರಗಳು.

ಈ ಚೆಲುವು ಸುಮ್ಮನೆ ಉಳಿದು ಬಂದುದಲ್ಲ. 1836ರಲ್ಲಿ ಒಡೆದುಹೋದ ಹಡಗೊಂದರ ಕಪ್ತಾನನ ಪತ್ನಿ ಎಲಿಜಾ ಫ್ರೇಸರ್ ಇಲ್ಲಿ ಸಿಲುಕಿದ್ದಳು. ಆ ಮನೆತನದ ಹೆಸರೇ ದ್ವೀಪಕ್ಕೆ ನಿಂತು, ಅದು ಬಹುಕಾಲ ಫ್ರೇಸರ್ ದ್ವೀಪವೆನಿಸಿತ್ತು. 1863ರಿಂದ ಕೊಡಲಿಯ ಕೆಲಸ ಆರಂಭವಾಯಿತು. ಇಲ್ಲಿಯ ಸಾಟಿನೇ ಮರಗಳು ಸೂಯೆಜ್ ಕಾಲುವೆಯವರೆಗೂ ಸಾಗಿದವು. ಮುಂದೆ ಮರಳಿನ ಖನಿಜಕ್ಕಾಗಿ ಗಣಿಗಾರಿಕೆಯೂ ಬಂದಿತು. ಸಮೀಪದ ಮೇರಿಬರೊ ಊರಿನ ಜಾನ್ ಸಿಂಕ್ಲೇರ್ ಎಂಬವರು 1971ರಲ್ಲಿ ಸಂಘವೊಂದನ್ನು ಕಟ್ಟಿ ಹೋರಾಡಿದ ಫಲವಾಗಿ 1976ರಲ್ಲಿ ಮರಳುಗಣಿಯೂ, 1991ರಲ್ಲಿ ಮರ ಕಡಿಯುವುದೂ ನಿಂತವು. 2014ರಲ್ಲಿ ನ್ಯಾಯಾಲಯವು ಬುಚುಲ್ಲಾ ಜನರ ಭೂಮಿಯ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ಸರ್ಕಾರವು ದ್ವೀಪಕ್ಕೆ ಗರಿ ಎಂಬ ಮೂಲ ಹೆಸರನ್ನೇ ಮರಳಿ ಕೊಟ್ಟಿತು.

ಎರಡನೆಯ ದಿನದ ಘಟನೆಯನ್ನು ನಾನು ಮರೆಯಲಾರೆ. 1935ರ ಚಂಡಮಾರುತಕ್ಕೆ ಸಿಲುಕಿ ದಂಡೆಗೆ ಬಂದು ಬಿದ್ದ ಮಹೆನೊ ಎಂಬ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರದ ಬಳಿ ಇಳಿದಿದ್ದೆವು. ದಂಡೆಯ ಮೇಲೆ ಡಿಂಗೊ ಎಂಬ ಕಾಡುನಾಯಿಯೊಂದು ನಿಧಾನವಾಗಿ ನಮ್ಮತ್ತ ನಡೆದು ಬಂದಿತು. ಕೆಂಚು ಬಣ್ಣ, ಎದ್ದು ಕಾಣುವ ಪಕ್ಕೆಲುಬು. ನನ್ನ ಕರುಳು ಚುರುಕ್ಕೆಂದಿತು. ಮುಂಜಾನೆ ಬಡಿದ ಮೊದಲ ರೊಟ್ಟಿಯನ್ನು ಓಣಿಯ ನಾಯಿಗೆ ಹಾಕುವುದು ನಮ್ಮ ಅತ್ತೆಯವರ ಕಾಲದಿಂದ ನಡೆದು ಬಂದ ರೂಢಿ. ಚೀಲದಲ್ಲಿದ್ದ ಗಂಟಿನಿಂದ ರೊಟ್ಟಿಯ ತುಂಡೊಂದನ್ನು ಮುರಿದು ಕೈ ಚಾಚಿದ್ದೆ. ಎಂಟು ವರ್ಷದ ಮೊಮ್ಮಗನು ಓಡಿಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದನು.

"ಅಜ್ಜಿ, ಬ್ಯಾಡ! ನೀ ಕೊಟ್ಟರ ಅದನ್ನ ಕೊಲ್ಲತಾರ!"

ಮಗನು ನಮ್ಮೆಲ್ಲರನ್ನೂ ಒಟ್ಟಿಗೆ ಸೇರಿಸಿ ಜೀಪಿನೊಳಗೆ ಕೂಡಿಸಿದ ಮೇಲೆ ವಿಷಯ ತಿಳಿಸಿದನು. ಮೀನು, ಏಡಿ, ಸಣ್ಣ ಪ್ರಾಣಿಗಳನ್ನು ತಿಂದು ಬದುಕುವ ಡಿಂಗೊ ಸಹಜವಾಗಿಯೇ ಸಪೂರ ಮೈಯದು. ಒಮ್ಮೆ ಮನುಷ್ಯನ ಕೈಯ ತುತ್ತು ರುಚಿಸಿತೆಂದರೆ ಅದು ಬೇಟೆಯನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತುತ್ತದೆ. ಕೊಡದಿದ್ದರೆ ಮೈಮೇಲೆ ಏರುತ್ತದೆ. 2001ರಲ್ಲಿ ಇಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನು ಡಿಂಗೊಗಳಿಗೆ ಬಲಿಯಾದನು. ಅದರ ಬೆನ್ನಲ್ಲೇ ಸುಮಾರು ಮೂವತ್ತು ಡಿಂಗೊಗಳನ್ನು ಕೊಲ್ಲಲಾಯಿತು. ಆದ್ದರಿಂದಲೇ ಅವುಗಳಿಗೆ ತಿನ್ನಲು ಕೊಡುವುದು ಅಪರಾಧ; ಭಾರಿ ದಂಡವೂ ಉಂಟು. ಆಹಾರವನ್ನು ಗಾಡಿಯೊಳಗೆ ಭದ್ರವಾಗಿಡಬೇಕು, ಮಕ್ಕಳನ್ನು ಕೈಯಳತೆಯಲ್ಲಿಯೇ ಇಟ್ಟುಕೊಳ್ಳಬೇಕು. ಆ ಡಿಂಗೊ ನಮ್ಮನ್ನು ಕ್ಷಣಕಾಲ ನೋಡಿ ತನ್ನ ದಾರಿ ಹಿಡಿಯಿತು. ರೊಟ್ಟಿಯ ತುಂಡು ನನ್ನ ಕೈಯಲ್ಲಿಯೇ ಉಳಿಯಿತು.

ಬುಚುಲ್ಲಾ ಜನರಿಗೆ ಮೂರು ಕಟ್ಟಳೆಗಳಿವೆಯೆಂದು ಅಂದು ಸಂಜೆ ತಿಳಿಯಿತು. ಮೊದಲನೆಯದು, ನೆಲಕ್ಕೆ ಒಳಿತಾದುದೇ ಎಲ್ಲಕ್ಕಿಂತ ಮುಂಚೆ. ಎರಡನೆಯದು, ನಿನ್ನದಲ್ಲದ್ದನ್ನು ಮುಟ್ಟಬೇಡ, ಒಯ್ಯಬೇಡ. ಮೂರನೆಯದು, ನಿನ್ನಲ್ಲಿ ಹೆಚ್ಚಿದ್ದರೆ ಹಂಚಿಕೋ. ಮೂರನೆಯದನ್ನು ಕೇಳಿದಾಗ, 'ನಾನು ಮಾಡಹೊರಟಿದ್ದೂ ಇದನ್ನೇ ಅಲ್ಲವೇ' ಎಂದು ಮನಸ್ಸು ವಾದಿಸಿತು. ಆದರೆ ಆ ರಾತ್ರಿ ನಿದ್ರೆ ಬಾರದೆ ಯೋಚಿಸುತ್ತಿರುವಾಗ ಕಟ್ಟಳೆಗಳ ಕ್ರಮ ಕಣ್ಣಿಗೆ ಕಟ್ಟಿತು. ಹಂಚುವುದು ಮೂರನೆಯದು, ನೆಲದ ಒಳಿತು ಮೊದಲನೆಯದು. ಪಡೆಯುವ ಜೀವಕ್ಕೆ ಕೇಡಾಗುವುದಾದರೆ ಕೊಟ್ಟ ಕೈಗೆ ಪುಣ್ಯವೆಲ್ಲಿಯದು? ಅಲ್ಲಿ ಉಳಿಯುವುದು ಕೊಟ್ಟೆನೆಂಬ ನಮ್ಮ ತೃಪ್ತಿ ಮಾತ್ರ.

ಮರಳುವಾಗ ಸುಟ್ಟು ಕರಕಾದ ಬೊಡ್ಡೆಗಳು ಕಂಡವು. 2020ರ ಅಕ್ಟೋಬರದಲ್ಲಿ ಯಾರೋ ನಿಯಮ ಮೀರಿ ಹಚ್ಚಿದ ಸಣ್ಣ ಬೆಂಕಿಯಿಂದ ದ್ವೀಪದ ಅರ್ಧದಷ್ಟು ನೆಲ ಉರಿದಿತ್ತು. ಕರಿಯ ಬೊಡ್ಡೆಗಳ ಮೈಯಲ್ಲಿ ಈಗ ಹಸಿರು ಚಿಗುರಿದೆ.

ಊರಿಗೆ ಬಂದ ಮೇಲೂ ಓಣಿಯ ನಾಯಿಗೆ ಮೊದಲ ರೊಟ್ಟಿ ತಪ್ಪಿಲ್ಲ. ಅದು ನಮ್ಮನ್ನೇ ನಂಬಿ ಬಾಗಿಲಲ್ಲಿ ಬೆಳೆದ ಜೀವ. ಆದರೆ ಘಟ್ಟದ ದಾರಿಯಲ್ಲಿ ಮಂಗಗಳು ಗಾಡಿಯ ಹತ್ತಿರ ಬಂದಾಗ ಬಾಳೆಹಣ್ಣಿನ ಚೀಲವನ್ನು ಈಗ ನಾನು ಬಿಚ್ಚುವುದಿಲ್ಲ. ಜೊತೆಗಿದ್ದವರು ಕಾರಣ ಕೇಳಿದರೆ, ಮೊಮ್ಮಗನು ನನ್ನ ಕೈ ಹಿಡಿದ ಕಥೆಯನ್ನು ಹೇಳುತ್ತೇನೆ.