ಭಾನುವಾರ ನಾಲ್ಕು ಗಂಟೆಗೆ

ಮ್ಯೂನಿಕ್‌ನಲ್ಲಿರುವ ಆ ಧಾರವಾಡದ ಕುಟುಂಬಕ್ಕೆ ಡಿಸೆಂಬರ್ ಬಂತೆಂದರೆ ಕೂರಲು ಪುರುಸೊತ್ತಿಲ್ಲ. 5ರ ರಾತ್ರಿ ಮಗಳ ಬೂಟು ಒರೆಸಿ ಬಾಗಿಲ ಬಳಿ ಇಡಬೇಕು; ಬೆಳಗಾಗುವುದರೊಳಗೆ ಸಂತ ನಿಕೋಲಾಸನ ಹೆಸರಿನಲ್ಲಿ ಅದಕ್ಕೆ ಅಕ್ರೋಟು, ಕಿತ್ತಳೆ, ಚಾಕೊಲೇಟು ತುಂಬಬೇಕು. ಶಾಲೆಗೆ ಬಿಸ್ಕತ್ತು ಮಾಡಿ ಕಳಿಸಬೇಕು, ಆಫೀಸಿನ ವರ್ಷಾಂತ್ಯದ ಕೆಲಸ ಮುಗಿಸಬೇಕು. ಅಲ್ಲಿ ಉಡುಗೊರೆ ಬಿಚ್ಚುವುದೂ 24ರ ಸಂಜೆಯೇ.

ಈ ಗಡಿಬಿಡಿಯಲ್ಲಿ ತಪ್ಪಿಹೋದದ್ದು ಅಜ್ಜಿಗೆ ಮಾಡುವ ಫೋನು. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದು. ಅಲ್ಲಿ ಏಳೂವರೆಗೆ ಊಟ ಮುಗಿದರೆ ಧಾರವಾಡದಲ್ಲಿ ನಡುರಾತ್ರಿ. ಎರಡು ವಾರ ಮಾತೇ ಇಲ್ಲ. ಅಜ್ಜಿ ದೂರಲಿಲ್ಲ. ಆದರೆ ದಿನಾ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾರೆಂದು ತಂಗಿ ಹೇಳಿದಾಗ ಮಗನ ಕರುಳು ಚುರುಕ್ಕೆಂದಿತು.

ದಾರಿ ತೋರಿಸಿದ್ದು ಅಡ್ವೆಂಟ್. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ, ಹಸಿರೆಲೆಯ ಸಿಂಬಿಯ ಮೇಲೆ ವಾರಕ್ಕೊಂದು ಮೇಣದಬತ್ತಿ ಹೆಚ್ಚುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಓಡಾಟವಿಲ್ಲ. ನಾಲ್ಕರ ಹೊತ್ತಿಗೇ ಕತ್ತಲಾಗತೊಡಗುತ್ತದೆ. ಧಾರವಾಡದಲ್ಲಾಗ ಎಂಟೂವರೆ. ಎರಡನೆಯ ಬತ್ತಿಯಿಂದ ಅದೇ ಅಜ್ಜಿಯ ಹೊತ್ತಾಯಿತು.

"ಬೂಟಿನ್ಯಾಗ ತಿನ್ನೂದು ಇಡ್ತಾರೇನವಾ?" ಎಂದು ಅಜ್ಜಿ ನಕ್ಕರು.

ನಾಲ್ಕನೆಯ ಬತ್ತಿಯ ದಿನ ಮೊಮ್ಮಗಳು ಕೇಳಿದಳು: "ಮುಂದಿನ ವಾರ ಹಚ್ಚೋಕೆ ಬತ್ತೀನೇ ಇಲ್ಲಲ್ಲ, ಅಜ್ಜಿ?"

"ಬತ್ತಿ ಇಲ್ದಿದ್ರ ಏನಾತು? ನಾಲ್ಕಕ್ಕ ಫೋನ್ ಹಚ್ಚು."

ಧಾರವಾಡದಲ್ಲಿ ದೀಪವನ್ನೂ ಹಚ್ಚುತ್ತಾರೆ, ಫೋನನ್ನೂ ಹಚ್ಚುತ್ತಾರೆ.