ನಾನೂ ಟೈರು ಕೊಂಡೆ

ಸೀರೆ ಕೊಳ್ಳುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ. ಸೆರಗು ಬಿಡಿಸಿ ನೋಡಿ, ಅಂಚನ್ನು ಬೆರಳಲ್ಲಿ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳಿ, ಕೊನೆಗೆ ಮೊಟ್ಟಮೊದಲು ನೋಡಿದ ಸೀರೆಯನ್ನೇ ಕಟ್ಟಿಸಿಕೊಂಡು ಬರುವವಳು ನಾನು. ನಮ್ಮ ಯಜಮಾನರು ಅಂಗಡಿಯ ಹೊರಗೇ ನಿಂತು ಪೇಪರು ಓದಿ ಮುಗಿಸುತ್ತಾರೆ. ಇಂಥ ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಡೂರಿನ ಒಂದು ಟೈರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಕರಿಯ ರಬ್ಬರಿನ ಮೇಲಿನ ಅಕ್ಷರಗಳನ್ನು ಓದುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಮ್ಮೂರು ದೇವನೂರು. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರೆಂದು ಹೆಸರಾದದ್ದು. ಆ ಕಾವ್ಯದ ತುಂಬ ಧರ್ಮರಾಯನ ಯಾಗದ ಕುದುರೆ ದೇಶ ದೇಶ ಸುತ್ತುತ್ತದೆ. ನಮ್ಮ ಮನೆಯ ಕುದುರೆ ಎಂದರೆ ಬಿಳಿ ಬಣ್ಣದ ಬೊಲೆರೊ ಪಿಕಪ್. ಅದು ಸುತ್ತುವುದು ಕಡೂರು, ಬೀರೂರು, ಅರಸೀಕೆರೆ, ತಿಪಟೂರು. ಹಿಂದೆ ತೆಂಗಿನಕಾಯಿ, ಈರುಳ್ಳಿ, ಸಿಮೆಂಟು, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ.

ಅದನ್ನು ಓಡಿಸುವವನು ನನ್ನ ಮಗ. ಬಿ.ಕಾಂ. ಪಾಸು ಮಾಡಿ, ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸಕ್ಕೆ ಅಲೆದು, ಒಂದು ದಿನ ಬ್ಯಾಗು ಹೊತ್ತುಕೊಂಡು ವಾಪಸು ಬಂದ. ಸಾಲ ಮಾಡಿ ಸೆಕೆಂಡ್‌ಹ್ಯಾಂಡ್ ಗಾಡಿ ತಂದ. ನಾನು ಬೇಡವೆನ್ನಲಿಲ್ಲ. ಆದರೆ ಶಾಲೆಯಲ್ಲಿ ಯಾರಾದರೂ "ಮಗ ಏನ್ ಮಾಡ್ತಾನೆ ಮೇಡಂ?" ಎಂದು ಕೇಳಿದರೆ "ಟ್ರಾನ್ಸ್‌ಪೋರ್ಟ್ ಬಿಸಿನೆಸ್" ಎನ್ನುತ್ತಿದ್ದೆ. ಡ್ರೈವರ್ ಎನ್ನುವ ಪದ ನಾಲಿಗೆಗೆ ಬರುತ್ತಿರಲಿಲ್ಲ. ಮಕ್ಕಳಿಗೆ "ಯಾವ ಕೆಲಸವೂ ಕೀಳಲ್ಲ" ಎಂದು ಬೋರ್ಡಿನ ಮೇಲೆ ಬರೆಸುವವಳೂ ನಾನೇ.

2025ರ ಜನವರಿ. ಒಂದು ರಾತ್ರಿ ಮುದ್ದೆ ಮುರಿಯುತ್ತ ಅವನು ತಣ್ಣಗೆ ಹೇಳಿದ, "ಇವತ್ತು ಹಿಂದಿನ ಟೈರು ಒಡೀತು ಕಣಮ್ಮ. ಕಾಯಿ ಲೋಡಿತ್ತು. ಗಾಡಿ ಸ್ವಲ್ಪ ಎಳೀತು, ಹಿಡ್ಕೊಂಡೆ. ಏನೂ ಆಗಲಿಲ್ಲ."

ಏನೂ ಆಗಲಿಲ್ಲ ಎಂದಮೇಲೆ ನಾನೂ ಸುಮ್ಮನಾದೆ. ಮಾರನೆಯ ಬೆಳಿಗ್ಗೆ ಬಾಗಿಲು ಸಾರಿಸುತ್ತಿದ್ದಾಗ ಎದುರು ಬೀದಿಯ ಹೆಂಗಸು ಬಂದು ನಿಂತಳು. ಏಳನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ಕಾಫಿ ಹಣ್ಣಿನ ಕಾಲದಲ್ಲಿ ಚಿಕ್ಕಮಗಳೂರು ಕಡೆಯ ತೋಟಗಳಿಗೆ ಕೆಲಸಕ್ಕೆ ಹೋಗುತ್ತಾಳೆ. "ದೇವ್ರು ದೊಡ್ಡೋನು ಮೇಡಂ. ಮೊನ್ನೆ ಅದೇ ಗಾಡೀಲಿ ನಾವು ಹದಿನಾಲ್ಕು ಜನ ತೋಟಕ್ಕೆ ಹೋಗಿದ್ವಿ. ನನ್ನ ಮಗೂನೂ ಇತ್ತು" ಎಂದಳು.

ನನ್ನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ನನ್ನ ಮಗ ಜನರನ್ನು ತುಂಬಿಕೊಂಡು ಹೋಗುತ್ತಾನೆಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಳ್ಳಲಿಲ್ಲವೋ? ಬೆಳಗಿನ ಜಾವ ಐದಕ್ಕೆ ಗಾಡಿ ಹೊರಡುವ ಸದ್ದು ನನಗೆ ಕೇಳಿಸುತ್ತಿತ್ತಲ್ಲ. ತೆಂಗಿನಕಾಯಿ ಐದು ಗಂಟೆಗೆ ಏಳುವುದಿಲ್ಲ.

ನನ್ನ ಅಪ್ಪನ ಹತ್ತಿರ ಎತ್ತಿನ ಗಾಡಿಯಿತ್ತು. ಜಾತ್ರೆಗೆ ಹೊರಡುವ ಮುಂಚೆ ಅಪ್ಪ ಒಂದೊಂದು ಚಕ್ರವನ್ನೂ ಸುತ್ತಿ ನೋಡುತ್ತಿದ್ದರು. ಕೀಲೆಣ್ಣೆ ಹಾಕುವರು, ಕಬ್ಬಿಣದ ಹಳಿಯನ್ನು ಕಲ್ಲಿನಿಂದ ತಟ್ಟಿ ಸದ್ದು ಕೇಳುವರು. ಹಳಿ ಸಡಿಲವಾಗಿದ್ದರೆ ಕಮ್ಮಾರರ ಕುಲುಮೆಗೆ. ಅಲ್ಲಿ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ಹಾಕಿ, ಮೇಲೆ ನೀರು ಸುರಿದರೆ ಚುಂಯ್ ಎಂದು ಕುಗ್ಗಿ ಚಕ್ರವನ್ನು ಅಪ್ಪಿ ಹಿಡಿಯುತ್ತಿತ್ತು. "ಹೆಂಗಸರು ಮಕ್ಕಳು ಕೂರೋ ಗಾಡಿ" ಎನ್ನುತ್ತಿದ್ದರು ಅಪ್ಪ. ಗಂಟೆಗೆ ಎರಡು ಹರದಾರಿಯೂ ಹೋಗದ ಗಾಡಿಗೆ ಅಷ್ಟು ಪರೀಕ್ಷೆ.

ಆ ಸಂಜೆ ಸ್ಕೂಲಿನಿಂದ ತಂದಿದ್ದ ಸ್ಕೇಲು ಹಿಡಿದು ಗಾಡಿಯ ಹತ್ತಿರ ಹೋದೆ. ಮಗ ಗಾಬರಿಯಾದ. "ನನ್ನ ಹೊಡಿಯೋಕಾ?" ಎಂದ. "ಟೈರು ಅಳೆಯೋಕೆ" ಎಂದೆ.

ಅಂದು ನನ್ನ ಮಗ ನನಗೆ ಪಾಠ ಹೇಳಿದ. ಟೈರಿನ ಕೆತ್ತನೆಯ ಹಳ್ಳದೊಳಗೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಅಂಚಿನಲ್ಲಿ ಒಂದು ತ್ರಿಕೋನವೋ, ಟಿ.ಡಬ್ಲ್ಯು.ಐ. ಎಂಬ ಅಕ್ಷರವೋ ಇರುತ್ತದೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ 1.6 ಮಿಲಿಮೀಟರು ಮಾತ್ರ ಉಳಿದಿದೆ ಎಂದು ಅರ್ಥ. ಅದಕ್ಕಿಂತ ಕೆಳಗಿಳಿದರೆ ಕಾನೂನೂ ಒಪ್ಪುವುದಿಲ್ಲ, ಮಳೆಯ ರಸ್ತೆಯೂ ಒಪ್ಪುವುದಿಲ್ಲ. ಕೆತ್ತನೆಯಿರುವುದೇ ಚಕ್ರದಡಿಯ ನೀರನ್ನು ಆಚೆ ತಳ್ಳುವುದಕ್ಕೆ. ಒಡೆಯದೆ ಉಳಿದಿದ್ದ ಇನ್ನೊಂದು ಹಿಂದಿನ ಟೈರು ಉಬ್ಬಿನ ಮಟ್ಟ ಮುಟ್ಟಿತ್ತು.

"ಮುಂದಿನವು ಚೆನ್ನಾಗಿವೆಯಲ್ಲ?" ಎಂದೆ. ಹಳ್ಳ ಆಳವಾಗಿಯೇ ಇತ್ತು. ಅವನು ಮಾತಾಡದೆ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಅಂಡಾಕಾರದ ಗುರುತು ತೋರಿಸಿದ. ನಾಲ್ಕು ಅಂಕಿ: 2216. ಅದು ಟೈರಿನ ಜಾತಕ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2016ರ ಇಪ್ಪತ್ತೆರಡನೆಯ ವಾರ. ಒಂಬತ್ತನೇ ವರ್ಷಕ್ಕೆ ಬಿದ್ದ ಟೈರು! ಬಗ್ಗಿ ನೋಡಿದರೆ ಗೋಡೆಯ ತುಂಬ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ರಬ್ಬರು ಓಡಿದರೂ ಸವೆಯುತ್ತದೆ, ಸುಮ್ಮನಿದ್ದರೂ ಮುದಿಯಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತಾದರೆ ಹೇಗೇ ಇರಲಿ ತೆಗೆಯಬೇಕು ಎಂದು ಟೈರು ಮಾಡುವವರೇ ಹೇಳುತ್ತಾರಂತೆ. ಬಿರುಕು ಬಿಟ್ಟದ್ದಕ್ಕೆ ಹತ್ತರವರೆಗೆ ಕಾಯಬೇಕಾಗಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಯಾಕೋ ಹಾಗೇ ಓಡಿಸಿದೆ?" ಎಂದೆ.

"ಗೊತ್ತಿದ್ದರೆ ಸಾಕಾ? ದುಡ್ಡು ಬೇಡವಾ?" ಎಂದ. ತಿಂಗಳ ಕಂತು, ಡೀಸೆಲು, ಇನ್ಶೂರೆನ್ಸು ಎಲ್ಲವನ್ನೂ ಬೆರಳು ಮಡಿಸಿ ಎಣಿಸಿದ. ಬಿ.ಕಾಂ. ವ್ಯರ್ಥವಾಗಿರಲಿಲ್ಲ.

ನನ್ನ ಹತ್ತಿರ ಚೀಟಿ ಎತ್ತಿದ ಮೂವತ್ತು ಸಾವಿರವಿತ್ತು. ಅದಕ್ಕೆ ಬೆಂಡೋಲೆ ಮಾಡಿಸಬೇಕೆಂದು ಎರಡು ವರ್ಷ ಕಟ್ಟಿದ್ದೆ. ಅಕ್ಕಸಾಲಿಗರ ಹತ್ತಿರ ನಮೂನೆಯನ್ನೂ ನೋಡಿ ಬಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹದಿನಾಲ್ಕು ಹೆಂಗಸರು, ಒಂದು ಮಗು, ಅವರ ಬುತ್ತಿ ಚೀಲಗಳು. ಬೆಂಡೋಲೆ ಇಲ್ಲದ ಕಿವಿಗೂ ಕೇಳಿಸುತ್ತದೆ ಎಂದುಕೊಂಡು ಭಾನುವಾರ ಮಗನ ಜೊತೆ ಕಡೂರಿಗೆ ಹೊರಟೆ.

ಅಂಗಡಿಯವರು ಮೊದಲು ರೀಸೋಲ್ ಟೈರು ತೋರಿಸಿದರು. ಹಳೆಯ ಟೈರಿನ ಮೈಗೆ ಹೊಸ ಕೆತ್ತನೆ ಹಚ್ಚಿದ್ದು. ಬೆಲೆ ಅರ್ಧಕ್ಕಿಂತ ಕಡಿಮೆ. ಅದನ್ನು ಕೆಟ್ಟದ್ದೆಂದು ತಳ್ಳಿಹಾಕುವಂತಿಲ್ಲ. ಬಸ್ಸು ಲಾರಿಗಳು ಎಷ್ಟೋ ಕಾಲದಿಂದ ಅದರ ಮೇಲೆ ಓಡಿವೆ. ಆದರೆ ಒಳಗಿನ ಮೈ ಗಟ್ಟಿಯಿದ್ದರೆ ಮಾತ್ರ. ಹಳೆಯ ಸೀರೆಗೆ ಹೊಸ ಫಾಲ್ ಹಾಕಿದಂತೆ. ಆ ಮೈ ಎಲ್ಲಿಂದ ಬಂತು, ಎಷ್ಟು ಭಾರ ಹೊತ್ತಿತ್ತು ಎಂದು ಅವರಿಗೂ ಹೇಳಲಾಗಲಿಲ್ಲ.

ಆಮೇಲೆ ಹೊಳೆಯುವ ನಾಲ್ಕು ಹೊಸ ಟೈರು ಬಂದವು. "ಒಳ್ಳೆ ಡಿಸ್ಕೌಂಟ್ ಇದೆ ಮೇಡಂ" ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಜಾತಕ ಹುಡುಕಿದೆ. 3519. 2019ರ ಆಗಸ್ಟ್ ಕೊನೆಯದು. "ಇದಕ್ಕೆ ಆಗಲೇ ಐದು ತುಂಬಿದೆಯಲ್ಲ, ಸ್ಕೂಲಿಗೆ ಸೇರಿಸೋ ವಯಸ್ಸು" ಎಂದೆ. ಅಂಗಡಿಯ ಹುಡುಗ ಮುಖ ತಿರುಗಿಸಿ ನಕ್ಕ. ಯಜಮಾನರು ಮಾತಾಡದೆ ಒಳಗಿನಿಂದ ಬೇರೆ ತರಿಸಿದರು.

ಅಲ್ಲಿಂದ ನಮ್ಮ ಪಾಠ ಮುಂದುವರಿಯಿತು. 215/75 ಆರ್ 15 ಎಂದು ಬರೆದಿತ್ತು. 215 ಎಂಬುದು ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಗೋಡೆಯ ಎತ್ತರ ಆ ಅಗಲದ ಶೇಕಡ 75. ಆರ್ ಎಂದರೆ ರೇಡಿಯಲ್. 15 ಒಳಗಿನ ರಿಮ್ಮಿನ ಅಳತೆ, ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾವಾರು, ಅಂಗುಲ! ನನ್ನ ಮಕ್ಕಳು ಯಾರಾದರೂ ಲೆಕ್ಕದಲ್ಲಿ ಹೀಗೆ ಬರೆದಿದ್ದರೆ ಮಾರ್ಕು ಕಳೆಯುತ್ತಿದ್ದೆ. ಪಕ್ಕದಲ್ಲೇ ಹೊರುವ ಶಕ್ತಿಯ ಸಂಖ್ಯೆ. ಅದು 100 ಎಂದಿದ್ದರೆ ನೂರು ಕಿಲೋ ಅಲ್ಲ, ಒಂದು ಟೈರಿಗೆ 800 ಕಿಲೋ. 101 ಎಂದರೆ 825. ಕಾರಿನ ಟೈರೂ ಇದೇ ಅಳತೆಯಲ್ಲಿ ಸಿಕ್ಕಬಹುದು, ಆದರೆ ಈ ಸಂಖ್ಯೆ ನೋಡದೆ ಪಿಕಪ್ಪಿಗೆ ಹಾಕಿದರೆ ಮಗುವಿನ ತಲೆಯ ಮೇಲೆ ಹಿಟ್ಟಿನ ಮೂಟೆ ಹೊರಿಸಿದಂತೆ. ಅದರ ಮೇಲೆ ಗಾಳಿ ಕಡಿಮೆ, ಭಾರ ಜಾಸ್ತಿಯಾದರೆ ಗೋಡೆ ಮಡಿಸಿ ಮಡಿಸಿ ಒಳಗೇ ಕಾಯುತ್ತದೆ; ಕಾದು ಕಾದು ಒಂದು ದಿನ ಒಡೆಯುತ್ತದೆ. ನಮ್ಮದು ಒಡೆದದ್ದೂ ಹಾಗೆಯೇ ಇರಬೇಕೆಂದು ಮಗ ಒಪ್ಪಿಕೊಂಡ.

ಟೈರು ಜೋಡಿಸುವವರೆಗೆ ಕೂತಿದ್ದಾಗ ಬಿ.ಎಡ್.ನಲ್ಲಿ ಓದಿದ್ದು ನೆನಪಾಯಿತು. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟು ಪಡೆದ ಡನ್‌ಲಪ್ ಕಾರ್ಖಾನೆಯವನಲ್ಲ, ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಪಶುವೈದ್ಯ. ಕಲ್ಲುಹಾಸಿನ ಬೀದಿಯಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕುಲುಕುತ್ತದೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಕಟ್ಟಿಕೊಟ್ಟನಂತೆ. ಆಗಲೂ ಅದು ಮಗನಿಗಾಗಿಯೇ ಎಂದು ನನ್ನಷ್ಟಕ್ಕೆ ಸಮಾಧಾನಪಟ್ಟುಕೊಂಡೆ. ನಾಲ್ಕಕ್ಕೆ ಇಪ್ಪತ್ತೆಂಟು ಸಾವಿರ ಎಣಿಸಿಕೊಟ್ಟೆ. ಉಳಿದದ್ದು ಅಲೈನ್‌ಮೆಂಟಿಗೂ ಎರಡು ಮಸಾಲೆ ದೋಸೆಗೂ ಆಯಿತು.

ದೋಸೆ ತಿನ್ನುವಾಗ ನನ್ನ ಷರತ್ತು ಹೇಳಿದೆ. "ಇನ್ನು ಮೇಲೆ ಜನ ತುಂಬಕೂಡದು."

ಅವನು ಬಹಳ ಹೊತ್ತು ಸುಮ್ಮನಿದ್ದ. "ಸರಕು ಗಾಡೀಲಿ ಜನ ಕೂರಿಸಬಾರದು ಅಂತ ನನಗೂ ಗೊತ್ತು. ಆದರೆ ಅವರು ಕೆಲಸಕ್ಕೆ ಹೋಗೋದು ಹೇಗಮ್ಮ? ಹೆಂಗಸರಿಗೆ ಬಸ್ಸು ಫ್ರೀ ಆಗಿದೆ ನಿಜ, ಬೆಳಿಗ್ಗೆ ಐದಕ್ಕೆ ತೋಟದ ಬಾಗಿಲಿಗೆ ಬಸ್ಸು ಬರುತ್ತಾ?" ಎಂದ. 2023ರ ಜೂನ್‌ನಿಂದ ನಾನೂ ಆ ಬಸ್ಸಿನಲ್ಲೇ ಬಿಟ್ಟಿ ಟಿಕೆಟ್ಟು ಹಿಡಿದು ಸ್ಕೂಲಿಗೆ ಹೋಗುವವಳು. ನನ್ನ ಹೊತ್ತಿಗೆ ಬಸ್ಸಿದೆ. ಅವನಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಷರತ್ತು ಬಿಡಲಿಲ್ಲ. ಅವನು ಒಪ್ಪಿದ, ಇವತ್ತಿನವರೆಗೂ ನಡೆಸಿಕೊಂಡು ಬಂದಿದ್ದಾನೆ. ಅದರಿಂದ ಅವನ ಸಂಪಾದನೆಗೆ ಪೆಟ್ಟು ಬಿದ್ದಿದೆ. ಒಂದೆರಡು ತಿಂಗಳ ಕಂತು ನಾನೇ ಕಟ್ಟಿದೆ.

ನಾನು ಗೆದ್ದೆನೆಂದು ಹೇಳಲಾರೆ. ನನ್ನ ಹಳೆಯ ವಿದ್ಯಾರ್ಥಿನಿ ಈಗ ಬೇರೆ ಯಾರದೋ ಪಿಕಪ್ಪಿನಲ್ಲಿ ಹೋಗುತ್ತಾಳೆ. ನಮ್ಮ ಗಾಡಿಗೆ ನಾಲ್ಕು ಹೊಸ ಟೈರು. ಅವಳು ಕೂರುವ ಗಾಡಿಯದು ಹೇಗಿದೆಯೋ? ಮನಸ್ಸು ತಡೆಯದೆ ಒಂದು ಸಂಜೆ ಅವಳನ್ನು ಕರೆದು, ನಮ್ಮ ಗಾಡಿಯ ಪಕ್ಕ ಕೂರಿಸಿ, ಉಬ್ಬು, ಬಿರುಕು, ನಾಲ್ಕು ಅಂಕಿ ಎಲ್ಲ ತೋರಿಸಿದೆ. ಏಳನೇ ಕ್ಲಾಸಿನಲ್ಲಿ ಅವಳು ಲೆಕ್ಕದಲ್ಲಿ ಚುರುಕಾಗಿದ್ದಳು. ಮುಂದೆ ಓದಿಸಲಿಲ್ಲ, ಅಷ್ಟೆ.

ಹದಿನೈದು ದಿನವಾದ ಮೇಲೆ ಬಂದು ಹೇಳಿದಳು: "ನಿನ್ನೆ ಆ ಗಾಡಿ ಹತ್ತಲಿಲ್ಲ ಮೇಡಂ. ಬೆರಳು ಹಾಕಿ ನೋಡಿದೆ, ಉಬ್ಬು ಸಮ ಆಗಿಬಿಟ್ಟಿತ್ತು. ನಾನು ಇಳಿದೆ ಅಂತ ಇನ್ನೂ ನಾಲ್ಕು ಜನ ಇಳಿದರು. ಡ್ರೈವರ್ರು ಬೈದ. ಒಂದು ದಿನದ ಕೂಲಿ ಹೋಯ್ತು."

"ಆಮೇಲೆ?" ಎಂದೆ.

"ಇವತ್ತು ಟೈರು ಬದಲಾಯಿಸ್ಕೊಂಡ್ ಬಂದಿದ್ದ. ಹೊಸದಲ್ಲ, ರೀಸೋಲು. ಹತ್ತಿದ್ವಿ" ಎಂದಳು.

ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಟೀಚರು "ನಿಮ್ಮ ಮಗ ಏನ್ ಮಾಡ್ತಾರೆ ಮೇಡಂ?" ಎಂದು ಕೇಳಿದರು. "ಪಿಕಪ್ ಓಡಿಸ್ತಾನೆ" ಎಂದೆ.