ಮೊದಲು ಕೀರ್ದಿ, ಆಮೇಲೆ ಖತಾವಣಿ

ಪಿಎಚ್‌ಡಿಯ ಮೂರನೇ ವರ್ಷದಲ್ಲಿ ನನಗೊಂದು ಹುಚ್ಚು ಹಿಡಿಯಿತು. ಡೇಟಾಬೇಸ್‌ಗಳ ಬಗ್ಗೆ ಸಂಶೋಧನೆ ಮಾಡುವ ನಾನು ಒಂದು ಎಂಜಿನ್ನನ್ನಾದರೂ ಮೊದಲಿನಿಂದ ಬರೆದು ನೋಡಬೇಕು ಅಂತ.

ಬೇಸಿಗೆ ರಜೆಗೆ ಸುರಪುರದ ಮನೆಗೆ ಬಂದು ಸಿ ಭಾಷೆಯಲ್ಲಿ ಶುರು ಮಾಡಿದೆ. ಬೇಯರ್ ಮತ್ತು ಮೆಕ್‌ಕ್ರೈಟ್ 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ಎರಡು ವಾರದಲ್ಲಿ ಕೈಗೆ ಹತ್ತಿತು. ಲಕ್ಷ ದಾಖಲೆಗಳ ನಡುವೆ ಬೇಕಾದ್ದನ್ನು ಮೂರ್ನಾಲ್ಕು ಹೆಜ್ಜೆಯಲ್ಲೇ ಹುಡುಕಿ ಕೊಡುತ್ತಿತ್ತು. ಪರೀಕ್ಷೆಗೆಂದು ಅಪ್ಪನ ಹಳೆಯ ಲೆಕ್ಕಗಳನ್ನೇ ತುಂಬಿದೆ. ಅಪ್ಪ ಶಹಾಪುರದ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಹತ್ತಿ, ತೊಗರಿಯ ಲೆಕ್ಕ ಬರೆದ ಮುನೀಮ.

ಒಂದು ಮಧ್ಯಾಹ್ನ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಐನೂರು ಐನೂರರಂತೆ ಸಾವಿರಾರು ಸಲ ವರ್ಗಾಯಿಸುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಬಂದಾಗ ಒಟ್ಟು ಮೊತ್ತದಲ್ಲಿ ಐನೂರು ಕಡಿಮೆ.

“ಐನೂರು ಎಲ್ಲಿಗಿ ಹೋತೋ ತಮ್ಮಾ?”

“ಕರೆಂಟ್ ಹೋತಪ್ಪ.”

“ಕರೆಂಟ್ ಹೋದ್ರ ರೊಕ್ಕ ಹೋಗ್ತದೇನು? ಕೀರ್ದಿ ಬರೀಲಾರ್ದ ಖತಾವಣಿ ಮುಟ್ಟೀದೇನು?”

ಒಂದು ಮಳೆಗಾಲ ಅಂಗಡಿಯ ಮಾಳಿಗೆ ಸೋರಿ ಖತಾವಣಿ ನೆನೆದು ಹೋಗಿತ್ತಂತೆ. ಯಾರ ಬಾಕಿ ಎಷ್ಟು, ಯಾರು ಕೊಟ್ಟರು, ಒಂದೂ ಓದಲು ಬರುತ್ತಿರಲಿಲ್ಲ. ಕೀರ್ದಿ ಮಾತ್ರ ಕಪಾಟಿನಲ್ಲಿ ಒಣಗಿತ್ತು. ಅದರಲ್ಲಿ ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಇರುತ್ತದೆ. ಅಪ್ಪ ಎರಡು ರಾತ್ರಿ ಕುಳಿತು ಅದರಿಂದಲೇ ಇಡೀ ಖತಾವಣಿ ಮತ್ತೆ ಕಟ್ಟಿದರು. ಕೊಟ್ಟ ರೊಕ್ಕ ಮತ್ತೆ ಕೊಡಬೇಕಾದ ಪಾಡು ಯಾವ ರೈತರಿಗೂ ಬರಲಿಲ್ಲ.

ನನ್ನ ಬಿ-ಟ್ರೀ ಬರೀ ಖತಾವಣಿ. ಪುಸ್ತಕಗಳಲ್ಲಿ ಕೀರ್ದಿಗೆ ರೈಟ್-ಅಹೆಡ್ ಲಾಗ್ ಅನ್ನುತ್ತಾರೆ. ಆಮೇಲೆ ನೋಡೋಣವೆಂದು ಬಿಟ್ಟಿದ್ದೆ. ಬದಲಾವಣೆಯನ್ನು ಮೊದಲು ಲಾಗ್‌ನ ಕೊನೆಗೆ ಬರೆದು, ಕಮಿಟ್ ಗುರುತು ಹಾಕಿ, ಅದು ಡಿಸ್ಕ್‌ಗೆ ಇಳಿದ ಮೇಲಷ್ಟೇ ಮರವನ್ನು ಮುಟ್ಟಬೇಕು. ನಡುವೆ ಕರೆಂಟ್ ಹೋದರೆ, ಗುರುತಿದ್ದದ್ದನ್ನು ಲಾಗ್ ಓದಿ ಮತ್ತೆ ಮಾಡಬೇಕು, ಇಲ್ಲದ್ದನ್ನು ಬಿಡಬೇಕು. ನನ್ನ ಇನ್ನೊಂದು ತಪ್ಪೂ ಆಗ ಕಂಡಿತು. ಬರೆದದ್ದನ್ನು ಆಪರೇಟಿಂಗ್ ಸಿಸ್ಟಮ್ ಇನ್ನೂ ಮೆಮೊರಿಯಲ್ಲಿ ಇಟ್ಟುಕೊಂಡಿರುವಾಗಲೇ ನನ್ನ ಎಂಜಿನ್ “ಉಳಿಸಿದೆ” ಅಂದುಬಿಡುತ್ತಿತ್ತು. ಅದು ಸುಳ್ಳು. ಎಫ್‌ಸಿಂಕ್ ಕರೆದು ಡಿಸ್ಕ್‌ಗೆ ತಲುಪುವವರೆಗೆ ಕಾಯಬೇಕಿತ್ತು.

ಎಲ್ಲ ಸರಿಪಡಿಸಿ ಇಪ್ಪತ್ತು ಸಲ ನಾನೇ ಪ್ಲಗ್ ಕಿತ್ತೆ. ಒಂದು ರೂಪಾಯಿಯೂ ತಪ್ಪಲಿಲ್ಲ. ಆದರೆ ಎಂಜಿನ್ ಮೊದಲಿಗಿಂತ ಬಹಳ ನಿಧಾನವಾಗಿತ್ತು.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅದನ್ನೇ ಅಪ್ಪನ ಮುಂದೆ ತೋಡಿಕೊಂಡೆ.

“ಜಮಾ ಆತು ಅಂತ ಒಮ್ಮಿ ಅಂದ್ರ ಆಗಿರ್ಬೇಕು ತಮ್ಮಾ. ರೈತಗ ನಮ್ಮ ಪುಸ್ತಕ ಓದಾಕ ಬರಂಗಿಲ್ಲ, ನಮ್ಮ ಮಾತಷ್ಟ ತಗೊಂಡು ಊರಿಗಿ ಹೋಗ್ತಾನ. ತಡ ಆದ್ರ ಕುಂದರ್ತಾನ ಬಿಡು” ಅಂದರು.